ಕೈಗಳು ಹೇಳುವ ಕಥೆ

ಮೂವತ್ತಮೂರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಅದರಲ್ಲಿ ಬಹುಪಾಲು ಕ್ಯಾಷ್ ಕೌಂಟರಿನಲ್ಲೇ ಕಳೆಯಿತು. ಕ್ಯಾಷ್ ಕೌಂಟರಿನಲ್ಲಿ ಕೂತವನಿಗೆ ಗಿರಾಕಿಗಳ ಮುಖಕ್ಕಿಂತ ಕೈಗಳ ಪರಿಚಯವೇ ಹೆಚ್ಚು. ಜಾಲರಿಯ ಕೆಳಗಿನ ಕಿಂಡಿಯಿಂದ ಒಳಗೆ ಬರುವುದು ಕೈ ಮಾತ್ರ. ಅಡಿಕೆ ಸುಲಿದು ಕಪ್ಪಾದ ಬೆರಳು, ಮೊದಲ ಸಂಬಳ ಪಡೆಯುವ ಹುಡುಗನ ಚುರುಕು ಬೆರಳು, ಪಿಂಚಣಿ ತೆಗೆದುಕೊಳ್ಳುವ ಅಜ್ಜಿಯ ನಡುಗುವ ಕೈ, ಸಾಲದ ಕಂತು ಕಟ್ಟುವಾಗ ನೋಟನ್ನು ಬಿಡಲು ಮನಸ್ಸಿಲ್ಲದ ಕೈ. ಕೈ ನೋಡಿದರೆ ಮನಸ್ಸು ಅರ್ಧ ತಿಳಿಯುತ್ತಿತ್ತು.

ನಿವೃತ್ತನಾದ ಮೇಲೆ ಯುರೋಪಿನ ಹಳೆಯ ವರ್ಣಚಿತ್ರಗಳನ್ನು ನೋಡುವ ಹವ್ಯಾಸ ಹತ್ತಿತು. ಯುರೋಪಿಗೆ ಹೋಗಿ ಅಲ್ಲ. ಗ್ರಂಥಾಲಯದ ದಪ್ಪ ಪುಸ್ತಕಗಳಲ್ಲಿ, ಈಗ ಮೊಮ್ಮಗಳ ಟ್ಯಾಬ್ಲೆಟ್ಟಿನಲ್ಲಿ. ಆ ಚಿತ್ರಗಳಲ್ಲಿ ಹೆಚ್ಚಿನವು ಬೈಬಲಿನ ಕಥೆಗಳು. ಮೊದಮೊದಲು ಎಲ್ಲವೂ ಒಂದೇ ಥರ ಕಾಣುತ್ತಿದ್ದವು: ನಿಲುವಂಗಿ, ತಲೆಯ ಹಿಂದೆ ಪ್ರಭಾವಳಿ, ಮೋಡದಲ್ಲಿ ದೇವದೂತರು. ಆಮೇಲೆ ಹಳೆಯ ಅಭ್ಯಾಸದಂತೆ ಚಿತ್ರಗಳಲ್ಲಿ ಇರುವವರ ಕೈಗಳನ್ನು ನೋಡತೊಡಗಿದೆ. ಅಲ್ಲಿಂದ ಒಂದೊಂದೇ ಚಿತ್ರ ಮಾತಾಡಲು ಶುರು ಮಾಡಿತು.

ನಮಗಿದು ಹೊಸದೇನಲ್ಲ. ಭರತನಾಟ್ಯದಲ್ಲಿ ಒಂದು ಮುದ್ರೆ ಬದಲಾದರೆ ಅರ್ಥವೇ ಬದಲಾಗುತ್ತದೆ. ದೇವರ ವಿಗ್ರಹದ ಎತ್ತಿದ ಅಂಗೈ ‘ಹೆದರಬೇಡ’ ಎನ್ನುತ್ತದೆ ಎಂದು ಸಣ್ಣ ಮಗುವಿಗೂ ಗೊತ್ತು. ಹಂಪಿಯ ಹಜಾರರಾಮ ದೇವಸ್ಥಾನದ ಗೋಡೆಯಲ್ಲಿ ಅಕ್ಷರ ಬಾರದವರೂ ರಾಮಾಯಣ ಓದಬಹುದು. ಯುರೋಪಿನ ಚರ್ಚುಗಳ ಚಿತ್ರಗಳ ಉದ್ದೇಶವೂ ಬಹುಮಟ್ಟಿಗೆ ಇದೇ ಆಗಿತ್ತು. ಪೂಜೆ ನಡೆಯುತ್ತಿದ್ದುದು ಲ್ಯಾಟಿನ್ ಭಾಷೆಯಲ್ಲಿ. ಓದು ಬಲ್ಲವರು ಕೆಲವರೇ. ಉಳಿದವರಿಗೆ ಗೋಡೆಯೇ ಪುಸ್ತಕ. ಹೀಗೆ ಕೈಗಳ ಮೂಲಕ ಮಾತಾಡುವ ನಾಲ್ಕು ಚಿತ್ರಗಳನ್ನು ನಿಮ್ಮ ಮುಂದಿಡುತ್ತೇನೆ.

ಕರೆಯುವ ಕೈ

ಮೊದಲನೆಯದು ಇಟಲಿಯ ಕರವಾಜ್ಜೊ ಬರೆದ ‘ಸಂತ ಮತ್ತಾಯನಿಗೆ ಕರೆ’. 1599-1600ರಲ್ಲಿ ಬರೆದದ್ದು. ರೋಮ್ ನಗರದ ಸಾನ್ ಲೂಯಿಜಿ ದೇಯಿ ಫ್ರಾಂಚೇಸಿ ಎಂಬ ಚರ್ಚಿನಲ್ಲಿ, ಯಾವ ಗೋಡೆಗೆಂದು ಬರೆದನೋ ಅದೇ ಗೋಡೆಯಲ್ಲಿ ಇಂದಿಗೂ ಇದೆ. ಅಳತೆ ಅಗಲ ಎತ್ತರ ಎರಡೂ ಹತ್ತಡಿಯ ಮೇಲೆ.

ಕಥೆ ಚಿಕ್ಕದು. ಮತ್ತಾಯ ಸುಂಕ ವಸೂಲಿ ಮಾಡುವವನು. ರೋಮನ್ ಆಡಳಿತದ ಪರವಾಗಿ ತನ್ನದೇ ಜನರಿಂದ ಹಣ ಕೀಳುವವನೆಂದು ಊರಿಗೆಲ್ಲ ಅವನ ಮೇಲೆ ಸಿಟ್ಟು. ಒಂದು ದಿನ ಅವನು ಸುಂಕದ ಕಟ್ಟೆಯಲ್ಲಿ ಕೂತಿದ್ದಾಗ ಆ ದಾರಿಯಲ್ಲಿ ಬಂದ ಯೇಸು, ತನ್ನನ್ನು ಹಿಂಬಾಲಿಸುವಂತೆ ಕರೆಯುತ್ತಾರೆ. ಅವನು ಎದ್ದು ಹೊರಡುತ್ತಾನೆ. ಅಷ್ಟೇ.

ಕರವಾಜ್ಜೊ ಈ ಘಟನೆಯನ್ನು ತನ್ನ ಕಾಲದ ರೋಮಿಗೆ ತಂದುಬಿಟ್ಟ. ಕತ್ತಲು ಕವಿದ ಕೋಣೆ, ಒಂದು ಮೇಜು, ಸುತ್ತ ಐದು ಜನ. ಇಬ್ಬರು ತರುಣರ ಟೊಪ್ಪಿಗೆಯಲ್ಲಿ ಗರಿ. ಮುದುಕನೊಬ್ಬ ಕನ್ನಡಕ ಏರಿಸಿ ನಾಣ್ಯಗಳನ್ನು ಇಣುಕಿ ನೋಡುತ್ತಿದ್ದಾನೆ. ಎಲ್ಲರದೂ 1600ರ ಸುಮಾರಿನ ಉಡುಪು. ಬಲಗಡೆಯಿಂದ ಯೇಸು ಮತ್ತು ಪೇತ್ರ ಬರುತ್ತಾರೆ; ಅವರದು ಮಾತ್ರ ಹಳೆಯ ಕಾಲದ ನಿಲುವಂಗಿ, ಬರಿಗಾಲು. ಗೋಡೆಯಲ್ಲೊಂದು ಕಿಟಕಿ ಇದೆ, ಆದರೆ ಬೆಳಕು ಬರುವುದು ಅದರಿಂದಲ್ಲ. ಬಲಗಡೆಯಿಂದ, ಯೇಸುವಿನ ತಲೆಯ ಮೇಲಿನಿಂದ ಓರೆಯಾಗಿ ಬಂದು ಹಣ ಎಣಿಸುವವರ ಮುಖದ ಮೇಲೆ ಬೀಳುತ್ತದೆ.

ಯೇಸುವಿನ ದೇಹವನ್ನು ಪೇತ್ರ ಬಹುಪಾಲು ಮರೆಮಾಡಿದ್ದಾನೆ. ಕಾಣುವುದು ಮುಖ ಮತ್ತು ಮುಂದೆ ಚಾಚಿದ ಬಲಗೈ. ಆ ಕೈ ಗದರುವ ಕೈಯಲ್ಲ. ಬೆರಳು ಸ್ವಲ್ಪ ಇಳಿಬಿದ್ದಿದೆ, ಮಣಿಕಟ್ಟು ಸಡಿಲವಾಗಿದೆ. ಈ ಕೈಯನ್ನು ಕರವಾಜ್ಜೊ ಅದೇ ರೋಮಿನ ಸಿಸ್ಟೀನ್ ಚಾಪೆಲಿನ ಮಾಳಿಗೆಯಿಂದ ತೆಗೆದುಕೊಂಡ. ಅಲ್ಲಿ ಮೈಕೆಲೆಂಜೆಲೊ 1508ರಿಂದ 1512ರವರೆಗೆ ಬರೆದ ಚಿತ್ರಗಳಲ್ಲಿ, ದೇವರ ಬೆರಳಿನಿಂದ ಜೀವ ಪಡೆಯಲಿರುವ ಮೊದಲ ಮನುಷ್ಯ ಆದಾಮನ ಕೈ ಹೀಗೇ ಇದೆ. ಕ್ರೈಸ್ತರ ನಂಬಿಕೆಯಲ್ಲಿ ಯೇಸು ಎರಡನೆಯ ಆದಾಮ, ಮನುಷ್ಯಕುಲದ ಹೊಸ ಆರಂಭ. ಅಷ್ಟು ದೊಡ್ಡ ಮಾತನ್ನು ಚಿತ್ರಕಾರ ಒಂದು ಮಣಿಕಟ್ಟಿನಲ್ಲಿ ಹೇಳಿ ಮುಗಿಸಿದ.

ನನ್ನ ಮೊಮ್ಮಗಳು ಈ ಚಿತ್ರ ನೋಡಿ ಕೇಳಿದಳು, ‘‘ಅಜ್ಜ, ಇವರಲ್ಲಿ ಮತ್ತಾಯ ಯಾರು?’’ ಮಧ್ಯದ ಗಡ್ಡದವನು ಬೆರಳು ತೋರಿಸುತ್ತಿದ್ದಾನೆ. ‘ನಾನಾ?’ ಎಂದು ತನ್ನನ್ನೇ ತೋರಿಸಿಕೊಳ್ಳುತ್ತಿದ್ದಾನೆ ಎನ್ನುವವರೇ ಹೆಚ್ಚು. ಇಲ್ಲ, ಅವನು ತೋರಿಸುತ್ತಿರುವುದು ಮೇಜಿನ ತುದಿಯಲ್ಲಿ ತಲೆ ಬಗ್ಗಿಸಿ ನಾಣ್ಯ ಎಣಿಸುತ್ತಿರುವ ಹುಡುಗನನ್ನು, ಅವನೇ ಮತ್ತಾಯ ಎನ್ನುವವರೂ ಇದ್ದಾರೆ. ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ.

ಅಷ್ಟು ವರ್ಷ ಹಣ ಎಣಿಸಿದವನಾಗಿ ನನ್ನ ಕಣ್ಣು ಹೋಗುವುದು ಆ ಹುಡುಗನ ಕಡೆಗೇ. ಎಣಿಕೆಯ ನಡುವೆ ತಲೆ ಎತ್ತಿದರೆ ಲೆಕ್ಕ ತಪ್ಪುತ್ತದೆ; ಮತ್ತೆ ಒಂದರಿಂದ ಶುರು ಮಾಡಬೇಕು. ಅದಕ್ಕೇ ಅವನು ತಲೆ ಎತ್ತಿಲ್ಲ. ಮುಂದಿನ ಕ್ಷಣದಲ್ಲಿ ಎತ್ತುತ್ತಾನೋ ಇಲ್ಲವೋ, ಚಿತ್ರ ಹೇಳುವುದಿಲ್ಲ. ಯೇಸುವಿನ ಪಾದಗಳು ಮಾತ್ರ ಆಗಲೇ ಹೊರಡುವ ದಿಕ್ಕಿಗೆ ತಿರುಗಿವೆ.

ತೋರಿಸುವ ಬೆರಳು

ಎರಡನೆಯ ಚಿತ್ರವನ್ನು ಊಟದ ಹೊತ್ತಿನಲ್ಲಿ ನೋಡಬೇಡಿ. ಜರ್ಮನ್ ಚಿತ್ರಕಾರ ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ಬರೆದ ಇಸೆನ್‌ಹೈಮ್ ಬಲಿಪೀಠದ ಚಿತ್ರ ಇದು. ಇಸೆನ್‌ಹೈಮ್ ಈಗಿನ ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯದ ಊರು. ಚಿತ್ರ ಈಗ ಹತ್ತಿರದ ಕೊಲ್ಮಾರ್ ಪಟ್ಟಣದ ಉಂಟರ್‌ಲಿಂಡನ್ ಮ್ಯೂಸಿಯಮ್ಮಿನಲ್ಲಿದೆ.

ಈ ಚಿತ್ರ ಯಾರಿಗಾಗಿ ಎಂಬುದು ತಿಳಿಯದಿದ್ದರೆ ಅದರ ಅರ್ಥವೂ ತಿಳಿಯದು. ಇಸೆನ್‌ಹೈಮಿನಲ್ಲಿ ಸಂತ ಅಂತೋನಿಯ ಹೆಸರಿನ ಸನ್ಯಾಸಿಗಳ ಮಠ, ಅದಕ್ಕೆ ಸೇರಿದ ಆಸ್ಪತ್ರೆ ಇತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ‘ಸಂತ ಅಂತೋನಿಯ ಬೆಂಕಿ’ ಎಂಬ ಕಾಯಿಲೆಯವರು ಬಹಳ. ರೈ ಎಂಬ ಧಾನ್ಯದ ತೆನೆಗೆ ಎರ್ಗಾಟ್ ಎಂಬ ಶಿಲೀಂಧ್ರ ಹಿಡಿಯುತ್ತದೆ. ನಮ್ಮ ಸಜ್ಜೆಯ ತೆನೆಗೂ ಈ ಜಾತಿಯ ರೋಗ ಉಂಟು. ಆ ಧಾನ್ಯದ ರೊಟ್ಟಿ ತಿಂದವರ ಕೈಕಾಲು ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಆಮೇಲೆ ಕಪ್ಪಗಾಗಿ ಕೊಳೆಯುತ್ತಿತ್ತು. ಎಷ್ಟೋ ಜನರ ಕೈಯನ್ನೋ ಕಾಲನ್ನೋ ಕತ್ತರಿಸಬೇಕಾಗುತ್ತಿತ್ತು. ರೋಗದ ಮೂಲ ರೊಟ್ಟಿಯಲ್ಲಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಠದವರು ಒಳ್ಳೆಯ ರೊಟ್ಟಿ ಕೊಟ್ಟು, ಮುಲಾಮು ಹಚ್ಚಿ, ರೋಗಿಗಳನ್ನು ಈ ಬಲಿಪೀಠದ ಮುಂದೆ ಕರೆತರುತ್ತಿದ್ದರು.

ಅಲ್ಲಿ ಅವರಿಗೆ ಕಾಣುತ್ತಿದ್ದುದು ಶಿಲುಬೆಯ ಮೇಲಿನ ಯೇಸು. ಆದರೆ ಬೇರೆ ಚಿತ್ರಗಳ ಸುಂದರ ಯೇಸು ಅಲ್ಲ. ಮೈ ಹಸಿರುಗಟ್ಟಿದೆ, ತೊಗಲಿನ ತುಂಬ ಗಾಯ, ಅದರಲ್ಲಿ ಚುಚ್ಚಿಕೊಂಡ ಮುಳ್ಳು. ಮೊಳೆ ಹೊಡೆದ ಅಂಗೈಗಳ ಬೆರಳುಗಳು ನೋವಿಗೆ ಸೆಟೆದು ಒಣಗಿದ ಕಡ್ಡಿಗಳಂತೆ ಮೇಲಕ್ಕೆ ಚಾಚಿವೆ. ಕೆಳಗೆ ಮಗ್ದಲದ ಮರಿಯ ಮೊಣಕಾಲೂರಿ ಕೈ ಹೊಸೆಯುತ್ತಿದ್ದಾಳೆ. ತಾಯಿ ಮರಿಯ ಬಿಳಿ ಬಟ್ಟೆಯಲ್ಲಿ ಹಿಂದಕ್ಕೆ ವಾಲಿದ್ದಾಳೆ. ಶಿಷ್ಯ ಯೋಹಾನ ಹಿಡಿದುಕೊಂಡಿದ್ದಾನೆ.

ಬಲಗಡೆ ಸ್ನಾನಿಕ ಯೋಹಾನ ನಿಂತಿದ್ದಾನೆ. ಬೈಬಲಿನ ಪ್ರಕಾರ ಯೇಸು ಶಿಲುಬೆಗೇರುವ ಮೊದಲೇ ಅವನ ತಲೆ ಕಡಿಸಲಾಗಿತ್ತು. ಹಾಗಾದರೆ ಇಲ್ಲಿ ಅವನಿಗೇನು ಕೆಲಸ? ತೋರಿಸುವ ಕೆಲಸ. ಅವನ ಎಡಗೈಯಲ್ಲಿ ತೆರೆದ ಪುಸ್ತಕ; ಬಲಗೈಯ ತೋರುಬೆರಳು ಅಳತೆ ಮೀರಿ ಉದ್ದವಾಗಿದೆ. ಆ ಬೆರಳು ಯೇಸುವನ್ನು ತೋರಿಸುತ್ತಿದೆ. ‘ನನ್ನನ್ನು ನೋಡಬೇಡ, ಅವರನ್ನು ನೋಡು’ ಎನ್ನುವ ಬೆರಳು.

ಈಗ ಆಸ್ಪತ್ರೆಯಿಂದ ಎತ್ತಿ ತಂದ ರೋಗಿಯೊಬ್ಬನನ್ನು ಊಹಿಸಿಕೊಳ್ಳಿ. ಅವನ ಮೈ ನೋಡಿ ಮನೆಯವರೂ ಮುಖ ತಿರುಗಿಸಿದ್ದಾರೆ. ಇಲ್ಲಿ ದೇವರ ಮೈಮೇಲೂ ತನ್ನಂಥದೇ ಹುಣ್ಣು! ಕ್ರೈಸ್ತ ನಂಬಿಕೆಯ ಒಂದು ಮುಖ್ಯ ಮಾತು ಇದು: ದೇವರು ನೋವನ್ನು ದೂರದಿಂದ ನೋಡಲಿಲ್ಲ, ಒಳಗೆ ಹೊಕ್ಕು ಅನುಭವಿಸಿದ. ಗ್ರೂನೆವಾಲ್ಡ್ ಅದನ್ನು ಉಪದೇಶ ಮಾಡದೆ ರೋಗಿಯ ಭಾಷೆಯಲ್ಲೇ ಬರೆದ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ಭಯದ ಚಿತ್ರವಾಗುತ್ತಿತ್ತು. ಈ ಬಲಿಪೀಠಕ್ಕೆ ಬಾಗಿಲುಗಳಂಥ ಹಲಗೆಗಳಿವೆ. ತೆರೆದರೆ ಒಳಗೆ ಬೇರೆಯೇ ಚಿತ್ರಗಳು. ಬಲಭಾಗದಲ್ಲಿ ಸಮಾಧಿಯಿಂದ ಎದ್ದ ಯೇಸು, ಹಿಂದೆ ಸೂರ್ಯನಂಥ ಬೆಳಕಿನ ಚೆಂಡು. ತೊಗಲು ಎಳೆಮಗುವಿನಂತೆ ಶುಭ್ರ. ಒಂದು ಹುಣ್ಣೂ ಇಲ್ಲ. ಎರಡೂ ಅಂಗೈಗಳನ್ನು ಮೇಲೆತ್ತಿ ನಮ್ಮ ಕಡೆಗೆ ತೋರಿಸುತ್ತಿದ್ದಾರೆ. ಮೊಳೆಯ ಗುರುತು ಮಾತ್ರ ಉಳಿದಿದೆ. ನಮ್ಮ ಕಣ್ಣಿಗೆ ಅದು ಥಟ್ಟನೆ ಅಭಯಹಸ್ತವಾಗಿಯೇ ಕಾಣುತ್ತದೆ.

ಜೋಡಿಸಿದ ಕೈ

ಮೂರನೆಯದು ನಿಮಗೆಲ್ಲ ಗೊತ್ತಿರುವ ಚಿತ್ರ, ಆಲ್ಬ್ರೆಕ್ಟ್ ಡ್ಯೂರರನ ‘ಪ್ರಾರ್ಥಿಸುವ ಕೈಗಳು’. ಕ್ಯಾಲೆಂಡರು, ಶುಭಾಶಯ ಪತ್ರ, ಗೋಡೆಯ ಫಲಕ, ಎಲ್ಲೆಲ್ಲೂ ಇದೆ. ಇದರ ಜೊತೆಗೆ ವಾಟ್ಸ್‌ಆ್ಯಪಿನಲ್ಲಿ ಒಂದು ಕಥೆಯೂ ಓಡಾಡುತ್ತದೆ. ಬಡ ಅಣ್ಣತಮ್ಮಂದಿರು ನಾಣ್ಯ ಚಿಮ್ಮಿ, ಒಬ್ಬ ಚಿತ್ರಕಲೆ ಕಲಿಯಲು ಹೋದನಂತೆ. ಇನ್ನೊಬ್ಬ ಅವನ ಖರ್ಚಿಗಾಗಿ ಗಣಿಯಲ್ಲಿ ದುಡಿದು ಕೈ ಹಾಳುಮಾಡಿಕೊಂಡನಂತೆ. ಆ ತ್ಯಾಗದ ಕೈಗಳೇ ಇವು ಎಂದು.

ಕಣ್ಣೀರು ತರಿಸುವ ಕಥೆ, ಆದರೆ ನಡೆದದ್ದಲ್ಲ. ಡ್ಯೂರರನ ತಂದೆ ನ್ಯೂರೆಂಬರ್ಗಿನ ಅಕ್ಕಸಾಲಿಗ. ಈ ಕೈಗಳು ಒಂದು ದೊಡ್ಡ ಚಿತ್ರಕ್ಕೆ ಮಾಡಿಕೊಂಡ ತಯಾರಿ. ಫ್ರಾಂಕ್‌ಫರ್ಟಿನ ವರ್ತಕ ಯಾಕೊಬ್ ಹೆಲ್ಲರ್ ಚರ್ಚಿಗೆಂದು ಬಲಿಪೀಠದ ಚಿತ್ರ ಬರೆಸಿದ. ಅದರಲ್ಲಿ ಬರುವ ಒಬ್ಬ ಶಿಷ್ಯನಿಗಾಗಿ ಡ್ಯೂರರ್ 1508ರಲ್ಲಿ ನೀಲಿ ಕಾಗದದ ಮೇಲೆ ಕುಂಚದಿಂದ ಈ ಕೈಗಳನ್ನು ಬರೆದ. ದರದ ವಿಚಾರದಲ್ಲಿ ಅವನು ಹೆಲ್ಲರನಿಗೆ ಬರೆದ ಕಾಗದಗಳೂ ಉಳಿದಿವೆ. ಮೊದಲು ಒಪ್ಪಿದ್ದು 130 ಫ್ಲಾರಿನ್. ಕೆಲಸ ಹೆಚ್ಚಾಯಿತೆಂದು ವಾದಿಸಿ ಕೊನೆಗೆ ಪಡೆದದ್ದು 200. ಲೆಕ್ಕದಲ್ಲಿ ಗಟ್ಟಿಗ!

ವಿಚಿತ್ರ ನೋಡಿ. ಆ ದೊಡ್ಡ ಚಿತ್ರದ ಮುಖ್ಯ ಭಾಗ 1729ರಲ್ಲಿ ಬೆಂಕಿಗೆ ಸುಟ್ಟುಹೋಯಿತು. ತಯಾರಿಯ ಕಾಗದದ ತುಂಡು ಉಳಿದು, ಈಗ ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಮ್ಮಿನಲ್ಲಿದೆ. ಈ ಕೈಗಳು ಬಿಗಿಯಾಗಿ ಜೋಡಿಸಿದವಲ್ಲ, ಬೆರಳ ತುದಿಗಳು ಮೆಲ್ಲಗೆ ತಾಗಿವೆ ಅಷ್ಟೆ. ಕಟ್ಟುಕಥೆ ಇಲ್ಲದೆಯೂ ಅವು ಪ್ರಾರ್ಥನೆ ಎಂದರೇನೆಂದು ಹೇಳುತ್ತವೆ: ಏನನ್ನೂ ಹಿಡಿದುಕೊಳ್ಳದ ಕೈ.

ಬರಮಾಡಿಕೊಳ್ಳುವ ಕೈ

ನಾಲ್ಕನೆಯ ಚಿತ್ರ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. ಹಾಲೆಂಡಿನ ರೆಂಬ್ರಾಂಟ್ ತನ್ನ ಕೊನೆಗಾಲದಲ್ಲಿ, 1668ರ ಸುಮಾರಿಗೆ ಬರೆದ ‘ದುಂದುಗಾರ ಮಗನ ಮರಳುವಿಕೆ’. ಎತ್ತರ ಎಂಟೂವರೆ ಅಡಿಗೂ ಮಿಗಿಲು. ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್ 1766ರಲ್ಲಿ ಕೊಂಡದ್ದು, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿದೆ.

ಲೂಕನ ಸುವಾರ್ತೆಯಲ್ಲಿ ಈ ಕಥೆ ಬರುವ ಸಂದರ್ಭ ಕುತೂಹಲಕರ. ಯೇಸು ಸುಂಕದವರ ಜೊತೆ, ಪಾಪಿಗಳ ಜೊತೆ ಕೂತು ಊಟ ಮಾಡುತ್ತಾರೆಂದು ದೊಡ್ಡವರು ಗೊಣಗಿದರು. ಉತ್ತರವಾಗಿ ಯೇಸು ಹೇಳಿದ್ದು ಈ ಕಥೆ. ಅಂದರೆ ಕರವಾಜ್ಜೊನ ಮೇಜಿನಿಂದ ರೆಂಬ್ರಾಂಟನ ಬಾಗಿಲಿಗೆ ನೇರ ದಾರಿಯಿದೆ.

ಕಿರಿಯ ಮಗ ತಂದೆ ಬದುಕಿರುವಾಗಲೇ ಆಸ್ತಿಯಲ್ಲಿ ಪಾಲು ಕೇಳುತ್ತಾನೆ. ದೂರದೇಶದಲ್ಲಿ ಎಲ್ಲವನ್ನೂ ಉಡಾಯಿಸುತ್ತಾನೆ. ಬರಗಾಲ ಬಂದು ಹಂದಿ ಮೇಯಿಸುವ ಸ್ಥಿತಿಗೆ ಇಳಿಯುತ್ತಾನೆ. ಕೂಲಿಯಾಳಾಗಿಯಾದರೂ ಇರುತ್ತೇನೆಂದು ಮನೆಗೆ ಮರಳುತ್ತಾನೆ. ತಂದೆ ಅವನನ್ನು ದೂರದಿಂದಲೇ ಕಂಡು ಓಡಿಬಂದು ಅಪ್ಪಿಕೊಳ್ಳುತ್ತಾನೆ.

ಚಿತ್ರದಲ್ಲಿ ಮಗ ಮೊಣಕಾಲೂರಿ ತಂದೆಯ ಎದೆಗೆ ಮುಖ ಒತ್ತಿದ್ದಾನೆ. ತಲೆ ಬೋಳು. ಒಂದು ಕಾಲಿನ ಚಪ್ಪಲಿ ಕಳಚಿ ಸವೆದ ಅಂಗಾಲು ಕಾಣುತ್ತಿದೆ. ಮುದಿ ತಂದೆಯ ಕಣ್ಣು ಮಂಜಾಗಿವೆ. ಅವನು ಕೈಯಿಂದಲೇ ಮಗನನ್ನು ನೋಡುವಂತಿದೆ. ಎರಡೂ ಅಂಗೈ ಮಗನ ಬೆನ್ನ ಮೇಲೆ. ಗಮನಿಸಿ, ಎರಡು ಕೈಗಳೂ ಒಂದೇ ಥರ ಇಲ್ಲ. ಎಡಗೈ ದಪ್ಪ, ಬೆರಳು ಅಗಲಿಸಿ ಗಟ್ಟಿಯಾಗಿ ಹಿಡಿದಿದೆ. ಬಲಗೈ ನಯವಾಗಿ ನೇವರಿಸುತ್ತಿದೆ. ಒಂದು ತಂದೆಯ ಕೈ, ಇನ್ನೊಂದು ತಾಯಿಯದು ಎನ್ನುವವರಿದ್ದಾರೆ. ಚಿತ್ರಕಾರನ ಮನಸ್ಸಿನಲ್ಲಿ ಅದೇ ಇತ್ತೆಂದು ಸಾಧಿಸಲಾಗದು. ನೋಡಿದವರಿಗೆ ಹಾಗೆ ಅನ್ನಿಸಿದರೆ ತಪ್ಪೂ ಇಲ್ಲ.

ರೆಂಬ್ರಾಂಟನ ಲೆಕ್ಕಪತ್ರ ತಿಳಿದರೆ ಈ ಚಿತ್ರ ಇನ್ನಷ್ಟು ಆಳವಾಗುತ್ತದೆ. ಯೌವನದಲ್ಲಿ ಅವನು ಆಮ್‌ಸ್ಟರ್‌ಡ್ಯಾಮಿನ ಹೆಸರಾಂತ ಚಿತ್ರಕಾರ. 1635ರ ಸುಮಾರಿಗೆ ಇದೇ ದುಂದುಗಾರ ಮಗ ಹೋಟೆಲಿನಲ್ಲಿ ಮಜಾ ಮಾಡುವ ಚಿತ್ರ ಬರೆದ. ಅದರಲ್ಲಿ ಲೋಟ ಎತ್ತಿ ನಗುತ್ತಿರುವವನ ಮುಖ ರೆಂಬ್ರಾಂಟನದೇ. ತೊಡೆಯ ಮೇಲೆ ಕೂತವಳು ಅವನ ಹೆಂಡತಿ ಸಾಸ್ಕಿಯಾ. 1639ರಲ್ಲಿ 13,000 ಗಿಲ್ಡರಿಗೆ ದೊಡ್ಡ ಮನೆ ಕೊಂಡ. ಕಂತು ಸರಿಯಾಗಿ ಕಟ್ಟಲಿಲ್ಲ. 1642ರಲ್ಲಿ ಸಾಸ್ಕಿಯಾ ತೀರಿಕೊಂಡಳು. 1656ರಲ್ಲಿ ದಿವಾಳಿಯಾದ. ಅಧಿಕಾರಿಗಳು ಮನೆಯ ಸಾಮಾನು ಪಟ್ಟಿ ಮಾಡಿದರು. ಅದರಲ್ಲಿ 363 ಬಾಬ್ತುಗಳಿದ್ದವು. ಎಲ್ಲ ಹರಾಜಾಯಿತು. 1658ರಲ್ಲಿ ಮನೆಯೂ ಮಾರಾಟವಾಯಿತು. 1668ರಲ್ಲಿ ಉಳಿದಿದ್ದ ಒಬ್ಬನೇ ಮಗ ಟೈಟಸ್ ಸತ್ತ. ಮರುವರ್ಷ ರೆಂಬ್ರಾಂಟನೂ ಹೋದ. ಲೋಟ ಎತ್ತಿದ ಹುಡುಗನನ್ನು ಬರೆದ ಕೈಯೇ ಮೂವತ್ತು ವರ್ಷಗಳ ನಂತರ ಈ ಸವೆದ ಅಂಗಾಲನ್ನು ಬರೆಯಿತು.

ನನ್ನ ಸೇವಾವಧಿಯಲ್ಲಿ ಒಬ್ಬ ವೃದ್ಧರು ಅವಧಿಗೆ ಮೊದಲೇ ಠೇವಣಿ ಮುರಿಸಲು ಬಂದಿದ್ದರು. ಬಡ್ಡಿಯಲ್ಲಿ ತುಂಬ ನಷ್ಟವಾಗುತ್ತದೆ, ಇನ್ನು ನಾಲ್ಕು ತಿಂಗಳು ತಡೆಯಿರಿ ಎಂದೆ. ಅವರು ಚೀಟಿಗೆ ಹೆಬ್ಬೆಟ್ಟು ಒತ್ತುತ್ತಾ ಹೇಳಿದರು: ‘‘ಬಡ್ಡಿ ಹೋದ್ರೆ ಹೋಗ್ಲಿ ಮಾರಾಯ್ರೇ, ಮಗ ಮನೆಗೆ ಬಂದಿದ್ದಾನಲ್ಲ.’’ ಮಗನ ಸಾಲ ತೀರಿಸಲಿಕ್ಕೆ ಆ ಹಣ ಎಂದು ಆಮೇಲೆ ತಿಳಿಯಿತು. ರೆಂಬ್ರಾಂಟನ ಚಿತ್ರ ನೋಡುವಾಗಲೆಲ್ಲ ಆ ಹೆಬ್ಬೆಟ್ಟು ನೆನಪಾಗುತ್ತದೆ. ಕ್ಷಮೆ ಬಿಟ್ಟಿಯಲ್ಲ, ನಷ್ಟವನ್ನು ಯಾರೋ ತಮ್ಮ ಖಾತೆಗೆ ಬರೆದುಕೊಂಡಿರುತ್ತಾರೆ. ಕ್ರೈಸ್ತರು ಶಿಲುಬೆಯ ಬಗ್ಗೆ ಹೇಳುವುದೂ ಇದನ್ನೇ.

ಚಿತ್ರದ ಬಲಗಡೆ ಕೆಂಪು ಮೇಲಂಗಿಯ ಇನ್ನೊಬ್ಬ ನೆಟ್ಟಗೆ ನಿಂತಿದ್ದಾನೆ. ಅವನನ್ನು ಹಿರಿಯ ಮಗ ಎಂದು ಗುರುತಿಸುತ್ತಾರೆ. ಅವನು ಒಂದು ದಿನವೂ ಮನೆ ಬಿಟ್ಟವನಲ್ಲ, ಮೈಮುರಿದು ದುಡಿದವನು. ದುಂದು ಮಾಡಿದವನಿಗೆ ಔತಣ, ದುಡಿದವನಿಗೆ ಏನೂ ಇಲ್ಲವೇ ಎಂಬ ಅವನ ಸಿಟ್ಟು ನ್ಯಾಯವಾದದ್ದೇ. ಅವನ ಕೈಗಳನ್ನು ನೋಡಿ: ಕೋಲಿನ ಮೇಲೆ ಒಂದರ ಮೇಲೊಂದು ಮುಚ್ಚಿಕೊಂಡಿವೆ. ತಂದೆಯ ಕೈ ತೆರೆದಿದೆ, ಅವನದು ಮುಚ್ಚಿದೆ. ಆದರೂ ರೆಂಬ್ರಾಂಟ್ ಅವನ ಮುಖಕ್ಕೂ ಬೆಳಕು ಕೊಟ್ಟಿದ್ದಾನೆ. ತಂದೆ ಹೊರಗೆ ಬಂದು ಅವನನ್ನೂ ಒಳಗೆ ಕರೆಯುತ್ತಾನೆ. ಅವನು ಹೋದನೇ? ಕಥೆ ಹೇಳುವುದಿಲ್ಲ. ಪಾಲು ಪಂಚಾಯಿತಿ ನಡೆದ ಪ್ರತಿ ಮನೆಯಲ್ಲೂ ಈ ಕೋಲು ಹಿಡಿದವನು ಒಬ್ಬ ಇರುತ್ತಾನೆ. ಉತ್ತರ ಆಯಾ ಮನೆಯವರೇ ಕೊಡಬೇಕು.

ನಮ್ಮಲ್ಲೇ ಇರುವ ಚಿತ್ರ

ಇಂಥ ಚಿತ್ರ ನೋಡಲು ವೀಸಾ ಬೇಡ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮಾಳಿಗೆಗಳ ತುಂಬ ಚಿತ್ರಗಳಿವೆ. ಬರೆದವರು ಇಟಲಿಯಿಂದ ಬಂದ ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೇನಿ. 1899ರಲ್ಲಿ ಶುರು ಮಾಡಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಕರಾವಳಿಯ ಸೆಕೆಯಲ್ಲಿ ದುಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಚಾಪೆಲಿಗೆ ಹೆಸರು ಕೊಟ್ಟ ಅಲೋಶಿಯಸ್ ಶ್ರೀಮಂತ ಮನೆತನದ ಹುಡುಗ. ಎಲ್ಲ ಬಿಟ್ಟು ಸನ್ಯಾಸಿಯಾಗಿ, ರೋಮಿನಲ್ಲಿ ಪ್ಲೇಗ್ ಹರಡಿದಾಗ ರೋಗಿಗಳ ಸೇವೆಗಿಳಿದು, 1591ರಲ್ಲಿ 23ನೇ ವಯಸ್ಸಿಗೇ ಸತ್ತ. ಆ ಸೇವೆಯ ದೃಶ್ಯವೂ ಅಲ್ಲಿದೆ. ಹೋದಾಗ ರೋಗಿಯನ್ನು ಮುಟ್ಟುವ ಕೈಯನ್ನು ಹುಡುಕಿ ನೋಡಿ.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಎರಡು ಮಾತು. ಹೆಸರು, ಇಸವಿ ಮೊದಲೇ ಹೇಳಬೇಡಿ. ‘ಚಿತ್ರದಲ್ಲಿ ಎಷ್ಟು ಕೈ ಇವೆ ಎಣಿಸು’ ಎನ್ನಿ. ಎಣಿಸುವಾಗ ಒಂದೊಂದು ಕೈ ಏನು ಮಾಡುತ್ತಿದೆ ಎಂದು ಅವರೇ ಹೇಳುತ್ತಾರೆ. ಆಮೇಲೆ ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕೇಳಿ. ಯಾರು ಬೇರೆ ಕಡೆ ನೋಡುತ್ತಿದ್ದಾರೆ ಎಂದು ಕೇಳಿ. ಕಥೆಯನ್ನು ಕೊನೆಗೆ ಹೇಳಿ. ಆ ಹೊತ್ತಿಗೆ ಅರ್ಧ ಕಥೆ ಅವರಿಗೇ ಗೊತ್ತಾಗಿರುತ್ತದೆ.

ನಮ್ಮ ಮತ ಯಾವುದೇ ಇರಲಿ. ಕರೆದಾಗ ಎಣಿಕೆ ನಿಲ್ಲಿಸಿ ಏಳುವುದು, ರೋಗಿಯಿಂದ ಮುಖ ತಿರುಗಿಸದಿರುವುದು, ಮರಳಿ ಬಂದವನ ಬೆನ್ನ ಮೇಲೆ ಕೈ ಇಡುವುದು ಯಾವ ಮನೆಗೂ ಹೊರಗಿನ ಸಂಗತಿಗಳಲ್ಲ. ಈ ಚಿತ್ರಕಾರರು ತಮ್ಮ ದೇವರನ್ನು ಹುಡುಕಿದ್ದು ಅಲ್ಲಿಯೇ.